ಧಾರಣೆ ಬೋರ್ಡಿನ ಬಾಲದಂಡೆ

ಕಣ್ಣಿನ ಪೊರೆ ತೋರಿಸಿಕೊಳ್ಳಲು ಹೋದವಳು ಕಣ್ಣು ಕೆಂಪಗೆ ಮಾಡಿಕೊಂಡು ಬಂದೆ. ತಪ್ಪು ಡಾಕ್ಟರದಲ್ಲ, ಅವರ ಗೋಡೆಯದು. ತಿಪಟೂರಿನ ಆ ಆಸ್ಪತ್ರೆಯಲ್ಲಿ ನನ್ನ ಸರದಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದೆ. ಎದುರಿಗೆ ಗಾಜು ಹಾಕಿಸಿದ ದೊಡ್ಡ ಫೋಟೊ. ಮಾವಿನ ಕೊಂಬೆಯ ಕವಲಿನಲ್ಲಿ ಪುಟ್ಟ ಬಟ್ಟಲಿನಂಥ ಗೂಡು, ಅದರೊಳಗೆ ಬಾಯಿ ತೆರೆದ ಮೂರು ಮರಿಗಳು, ಅಂಚಿನ ಮೇಲೆ ಕರಿಯ ಜುಟ್ಟಿನ ಬಿಳಿಯ ಗಂಡುಹಕ್ಕಿ. ಅದರ ಬಾಲದ ಎರಡು ಉದ್ದನೆಯ ಗರಿಗಳು ಚೌಕಟ್ಟಿನ ಬುಡದವರೆಗೂ ಇಳಿಬಿದ್ದಿದ್ದವು. ಕೆಳಗೆ ‘ಪ್ರಕೃತಿ ಮಾತೆಯ ಮಡಿಲಲ್ಲಿ’ ಎಂದು ಅಚ್ಚು ಹಾಕಿಸಿ, ತೆಗೆದವನ ಹೆಸರು, ಅವನಿಗೆ ಬಂದ ಬಹುಮಾನದ ಹೆಸರು ಎಲ್ಲವನ್ನೂ ಬರೆಸಿದ್ದರು.

“ಎಷ್ಟು ಚೆನ್ನಾಗೈತೆ ನೋಡ್ರೀ, ದ್ಯಾವ್ರ ಸೃಷ್ಟಿ” ಎಂದರು ಪಕ್ಕದಲ್ಲಿದ್ದ ಹೆಂಗಸು.

ನಾನು ಎದ್ದು ಹತ್ತಿರ ಹೋದೆ. ಪೊರೆ ಬಂದ ಕಣ್ಣಿಗೂ ಅದು ಕಂಡಿತು. ಫೋಟೊದ ಬಲಗಡೆ ಮೇಲಿನ ಮೂಲೆಯಲ್ಲಿ ಕಡಿದ ಕೊಂಬೆಯ ಮೊಂಡು ತುದಿ. ಇನ್ನೂ ಬೆಳ್ಳಗಿದೆ, ಅಂಚಿನಲ್ಲಿ ಸೊನೆ ಹೊಳೆಯುತ್ತಿದೆ. ಅದನ್ನು ಕಡಿದದ್ದು ದೇವರಲ್ಲ. ಆ ಮರ ನನಗೆ ಗೊತ್ತು, ಆ ತೋಟ ಗೊತ್ತು, ಬಾಯಿ ತೆರೆದಿರುವ ಆ ಮೂರು ಮರಿಗಳಿಗೆ ಮಾರನೆಯ ದಿನ ಏನಾಯಿತು ಎನ್ನುವುದೂ ಗೊತ್ತು. ಇಷ್ಟು ವರ್ಷ ಅದು ಎಲ್ಲೋ ಬೆಂಗಳೂರಿನ ಯಾವುದೋ ಗೋಡೆಯ ಮೇಲಿದ್ದಿದ್ದರೆ ಇರಲಿ ಬಿಡು ಎನ್ನುತ್ತಿದ್ದೆನೇನೋ. ಅದನ್ನು ನಮ್ಮೂರಿಗೇ ತಂದು ನೇತುಹಾಕಿದ್ದಾರೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ತುರುವೇಕೆರೆ ಕಡೆಯಿಂದ ತಿಪಟೂರಿಗೆ ಸೊಸೆಯಾಗಿ ಬಂದ ಹೊಸತು. ನಮ್ಮ ಮಾವ ರುದ್ರಪ್ಪನವರದು ಕೊಬ್ಬರಿ ಮಂಡಿ. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಟವಲು, ಎದೆಯ ಮೇಲೆ ಲಿಂಗದ ಕರಡಿಗೆ, ಅದರ ಪಕ್ಕಕ್ಕೇ ನೇತಾಡುವ ಒಂದು ಹಳೆಯ ಬೈನಾಕ್ಯುಲರ್. ಮಿಲಿಟರಿಯಿಂದ ಬಂದವರೊಬ್ಬರ ಹತ್ತಿರ ಗಂಟುಬಿದ್ದು ತೆಗೆದುಕೊಂಡಿದ್ದಂತೆ. ಸ್ನಾನ, ಪೂಜೆ ಆದಮೇಲೆ ಮೊದಲು ಕೊರಳಿಗೆ ಅದು ಬೀಳಬೇಕು, ಆಮೇಲೆ ತಿಂಡಿ. ಅತ್ತೆ ಅದಕ್ಕೆ ಸವತಿ ಎಂದು ಹೆಸರಿಟ್ಟಿದ್ದರು.

ಮಂಡಿಯ ಬಾಗಿಲ ಪಕ್ಕದಲ್ಲಿ ಧಾರಣೆ ಬರೆಯುವ ಕರಿ ಹಲಗೆ ಇತ್ತು. ಎಲ್ಲ ಮಂಡಿಯಲ್ಲೂ ಇರುತ್ತದೆ, ಅದರಲ್ಲಿ ವಿಶೇಷವಿಲ್ಲ. ನಮ್ಮ ಹಲಗೆಗೆ ಮಾವ ನಡುವೆ ಒಂದು ಗೆರೆ ಎಳೆಸಿದ್ದರು. ಎಡಗಡೆ ಆವತ್ತಿನ ಕೊಬ್ಬರಿ ಧಾರಣೆ, ಬಲಗಡೆ ಆ ವಾರ ಯಾರು ಎಲ್ಲಿ ಯಾವ ಹಕ್ಕಿ ಕಂಡರು ಎಂಬ ಸುದ್ದಿ. ಬರೆಯುವುದು ನನ್ನ ಕೆಲಸ. ಮನೆಯ ಸೊಸೆಯನ್ನು ಮಂಡಿ ಬಾಗಿಲಲ್ಲಿ ಸೀಮೆಸುಣ್ಣ ಹಿಡಿಸಿ ನಿಲ್ಲಿಸಿದ್ದಾರೆ ಎಂದು ಬೀದಿಯಲ್ಲಿ ಮಾತು ಬಂತು. “ಅಕ್ಷರ ದುಂಡಗವೆ, ಬರೀಲಿ ಬುಡ್ರಿ” ಎಂದರು ಮಾವ. ಅಲ್ಲಿಗೆ ಆ ಮಾತು ಮುಗಿಯಿತು.

ಯುಗಾದಿ ಹತ್ತಿರ ಬಂತೆಂದರೆ ಆ ಹಲಗೆಯ ಬಲಭಾಗಕ್ಕೆ ಜಾಗ ಸಾಲುತ್ತಿರಲಿಲ್ಲ. ಹೊಂಗೆ ಚಿಗುರುವ ಹೊತ್ತು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನು ಚೀಲಕ್ಕೆ ತುಂಬಿಕೊಂಡು ಸುತ್ತಲ ರೈತರು ಬರುತ್ತಿದ್ದರು. ಗಾಡಿಯಿಂದ ಚೀಲ ಇಳಿಸಿದವರು ಧಾರಣೆ ಕೇಳುವ ಮೊದಲು ಹಕ್ಕಿ ಹೇಳುವರು. ಅರಳಗುಪ್ಪೆಯವರು ಗುಡಿಯ ಹಿಂದಿನ ಅರಳಿಮರದಲ್ಲಿ ಹೊನ್ನಕ್ಕಿ ಕಂಡೆ ಎಂದರೆ ಹಂದನಕೆರೆಯವರು ಬಿಡುತ್ತಿರಲಿಲ್ಲ. “ನಿಮ್ಮದೇನು ಮಹಾ, ನಮ್ಮ ಹಳ್ಳದಾಗೆ ನವರಂಗ ಬಂದು ಎಲೆ ಕೆದಕ್ತಾ ಕೂತಿತ್ತು ಕಣ್ಲಾ” ಎನ್ನುವರು. ಈ ವರ್ಷದ ಮೊದಲ ಕೋಗಿಲೆ ಯಾರ ಊರಲ್ಲಿ ಕೂಗಿತು ಎಂಬುದಕ್ಕೆ ಪಂಚಾಯಿತಿಯೇ ನಡೆದುಬಿಡುತ್ತಿತ್ತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದ ಶಿವಕುಮಾರ್ ಮೇಷ್ಟ್ರು ಪುಸ್ತಕ ಹಿಡಿದು ಬಂದು, ಇವರು ಹೇಳಿದ ಹಕ್ಕಿಗೆ ಪುಸ್ತಕದ ಹೆಸರು ಯಾವುದೆಂದು ನೋಡಿ ಹೇಳುತ್ತಿದ್ದರು. ಕೊಬ್ಬರಿಯ ಎಣ್ಣೆವಾಸನೆಯ ನಡುವೆ ಅದೊಂದು ಸಂಭ್ರಮ.

ಒಂದು ಕಟ್ಟುನಿಟ್ಟು ಮಾತ್ರ ಇತ್ತು. ಕೊಬ್ಬರಿ ವ್ಯಾಪಾರದಲ್ಲಿ ಮಾಲು ಬಂದರೆ ಮೊದಲು ಕೇಳುವುದು ಯಾವೂರು, ಯಾರ ತೋಟ ಎಂದು. ಅದರ ಮೇಲೇ ನಂಬಿಕೆ. ಮಾವ ಹಕ್ಕಿಗೂ ಅದೇ ಕಾನೂನು ಹಾಕಿದರು. “ಊರಿಲ್ಲ, ಯಜಮಾನ ಇಲ್ಲ ಅಂದ್ರೆ ಅಂಥ ಮಾಲ್ನ ಯಾವನು ನಂಬ್ತಾನೆ? ಸರಿಯಾಗಿ ಹೇಳಿ ಬರೆಸ್ರಪ್ಪ” ಎನ್ನುತ್ತಿದ್ದರು. ಹೀಗಾಗಿ ನಾನು ಹಕ್ಕಿಯ ಹೆಸರಿನ ಮುಂದೆ ಊರು, ತೋಟದವರ ಹೆಸರು, ಯಾವ ಮರ ಎನ್ನುವುದನ್ನೂ ಬರೆಯುತ್ತಿದ್ದೆ. ತಮ್ಮ ತೋಟದ ಹೆಸರು ಹಲಗೆಯ ಮೇಲೆ ಬಂದರೆ ರೈತರಿಗೂ ಹೆಮ್ಮೆ. ಅದು ಯಾರ ಕಣ್ಣಿಗೆ ಬಿದ್ದೀತು ಎಂದು ಯೋಚಿಸುವ ಅಗತ್ಯ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ. ಓದುವವರೆಲ್ಲ ನಮ್ಮವರೇ.

ಆ ಯುಗಾದಿ ಕಳೆದ ಮೇಲೆ ಹಾಲ್ಕುರಿಕೆಯ ಸಣ್ಣಮ್ಮ ಮಂಡಿಗೆ ಬಂದರು. ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ನೋಡಿಕೊಳ್ಳುತ್ತಿದ್ದ ಹೆಂಗಸು. ಮಾತು ಒರಟು, ನಗು ದೊಡ್ಡದು. ಚೀಲವನ್ನೂ ಇಳಿಸದೆ ನೇರ ನನ್ನ ಹತ್ತಿರ ಬಂದರು.

“ಬರ್ಕಳವ್ವ. ನಮ್ಮ ಬಾವಿ ಮಗ್ಗುಲಾಗಿನ ಮಾವಿನ ಮರದಾಗೆ ಉದ್ದ ಬಾಲದ ಬಿಳೀ ಹಕ್ಕಿ ಗೂಡು ಕಟ್ಟೈತೆ. ಹೆಣ್ಣು ಕೆಂಪಗೈತೆ, ಬಾಲ ಮೋಟು.”

ಮೇಷ್ಟ್ರು ಪುಸ್ತಕ ತೆಗೆದು ತೋರಿಸಿದರು. ಹೌದು, ಅದೇ. ಬಾಲದಂಡೆ. ನಮ್ಮ ಸೀಮೆಯಲ್ಲಿ ಅದು ಹಾದುಹೋಗುವುದನ್ನು ಕಂಡವರಿದ್ದರು, ಗೂಡು ಕಟ್ಟಿದ್ದನ್ನು ಕಂಡವರಿರಲಿಲ್ಲ. ಮಾವನಿಗೆ ಆವತ್ತು ಊಟ ಸೇರಲಿಲ್ಲ. ಮಾರನೆಯ ದಿನವೇ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು. ತೆಂಗಿನ ಸಾಲಿನ ನಡುವೆ ಒಂದೇ ಒಂದು ಮಾವು, ಅದರ ತಗ್ಗಿನ ಕೊಂಬೆಯಲ್ಲಿ ಎಲೆಗಳ ಒತ್ತಿನೊಳಗೆ ಆ ಗೂಡು. ನಾವು ದೂರದ ಬದುವಿನ ಮೇಲೆ ಕೂತು ನೋಡಿದೆವು. ಗಂಡುಹಕ್ಕಿ ಕಾವಿಗೆ ಕೂತಿತ್ತು, ಬಾಲ ಮಾತ್ರ ಎಲೆಯ ಸಂದಿಯಿಂದ ಹೊರಗೆ ಇಳಿದು ಗಾಳಿಗೆ ಆಡುತ್ತಿತ್ತು.

“ಗಂಡಸೂ ಕೂತ್ಕತ್ತಾನೆ ಕಣವ್ವ ಮೊಟ್ಟೆ ಮ್ಯಾಲೆ” ಎಂದರು ಸಣ್ಣಮ್ಮ. “ನಾಕು ಹೆತ್ತೆ, ನಮ್ಮನೇಲಿ ಒಂದು ದಿನ ತೊಟ್ಲು ತೂಗಿದವನಲ್ಲ ಪುಣ್ಯಾತ್ಮ.”

ಮಾವ ನಗು ತಡೆಯಲಾಗದೆ ಟವಲು ಬಾಯಿಗೆ ಒತ್ತಿಕೊಂಡರು.

ಆ ಹೆಂಗಸು ಆ ಗೂಡಿಗಾಗಿ ಏನೇನು ಮಾಡಿದರು ಎಂದು ಹೇಳಿದರೆ ಈಗಿನವರು ನಂಬಲಿಕ್ಕಿಲ್ಲ. ಕಾಯಿ ಕೀಳುವ ಆಳುಗಳು ಬಂದಾಗ ಆ ಮಾವಿನ ಸುತ್ತಲ ತೆಂಗಿನ ಸಾಲುಗಳನ್ನು ಮುಟ್ಟಗೊಡಲಿಲ್ಲ. ಕಾಯಿ ಧೊಪ್ಪೆಂದು ಬಿದ್ದರೆ ಹಕ್ಕಿ ಬೆದರುತ್ತದಂತೆ. ಬಾವಿಯ ಆ ಬದಿಯಿಂದ ನೀರು ಸೇದುವುದು ಬಿಟ್ಟು ಈ ಬದಿಯಿಂದ ಸೇದಿದರು. “ತೋಟದಾಗೆ ಬಾಣಂತಿ ಅವ್ಳೆ, ಗಲಾಟೆ ಮಾಡಿದ್ರೆ ಕೂಲಿ ಇಲ್ಲ ನೋಡು” ಎಂದು ಆಳುಗಳನ್ನು ಗದರಿಸುತ್ತಿದ್ದರು. ಮಾರುಕಟ್ಟೆಯ ದಿನ ತಪ್ಪದೆ ಬಂದು ಗೂಡಿನ ಸುದ್ದಿ ಹೇಳುವರು. ಮರಿ ಮೂರಾಯಿತು ಎಂದು ಹೇಳಿದ ದಿನ ಮಂಡಿಯಲ್ಲಿದ್ದವರಿಗೆಲ್ಲ ಬೆಲ್ಲ ಹಂಚಿದರು. ನಾನು ಹಲಗೆಯ ಮೇಲೆ ಬರೆದೆ: ಬಾಲದಂಡೆ, ಹಾಲ್ಕುರಿಕೆ, ಸಣ್ಣಮ್ಮನ ತೋಟ, ಬಾವಿ ಪಕ್ಕದ ಮಾವು, ಮರಿ ಮೂರು.

ಅದೇ ವಾರ ಬೆಂಗಳೂರಿನ ಜೀಪು ಬಂತು. ಅದರಲ್ಲಿ ಬಂದವರು ಮೇಷ್ಟ್ರಿಗೆ ಪರಿಚಯದವರು, ಹಕ್ಕಿಯ ಫೋಟೊ ತೆಗೆಯುವುದರಲ್ಲಿ ಹೆಸರು ಮಾಡಿದವರು. ಮೇಷ್ಟ್ರು ಅವರನ್ನು ಕರೆತಂದು ಮಾವನಿಗೆ ಪರಿಚಯಿಸಿದರು. ಟೋಪಿ, ತುಂಬ ಜೇಬುಗಳ ಅಂಗಿ, ಜೊತೆಗೆ ಸಾಮಾನು ಹೊರಲು ಇಬ್ಬರು ಸಹಾಯಕರು. ಮಾವ ಎಳನೀರು ಕೆತ್ತಿಸಿ ಕೊಟ್ಟರು. ಆತ ಕುಡಿಯುತ್ತಲೇ ಹಲಗೆ ಓದಿದ. ದಾರಿ ಕೇಳುವ ಕಷ್ಟವೂ ಅವನಿಗೆ ಬರಲಿಲ್ಲ. ಹೊರಡುವಾಗ ಮಾವ ಹೇಳಿದ್ದು ಇಷ್ಟು: “ದೂರ ಕೂತ್ಕಂಡು ತಗೀರಿ ಸ್ವಾಮಿ. ಆಯಮ್ಮ ಭಾಳ ಜ್ವಾಪಾನ ಮಾಡವ್ಳೆ.”

“ಯಜಮಾನ್ರೇ, ನಾನು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ” ಎಂದ ಆತ. ಆ ಮಾತಿನಲ್ಲಿದ್ದ ಬೇಸರ ನನಗೆ ಈಗಲೂ ಕೇಳಿಸುತ್ತದೆ. ಹಳ್ಳಿಯವರು ತನಗೆ ಹೇಳುವುದೇ ಎಂಬ ಬೇಸರ ಅದು.

ಮಾರನೆಯ ದಿನ ಸಂಜೆ ಹಾಲ್ಕುರಿಕೆಯ ಬಸ್ಸಿನಲ್ಲಿ ಬಂದವರೊಬ್ಬರು ಸಣ್ಣಮ್ಮ ಕರೆಯುತ್ತಿದ್ದಾರೆ ಎಂದು ಹೇಳಿಕಳಿಸಿದ್ದನ್ನು ಮುಟ್ಟಿಸಿದರು. ಬೆಳಗಿನ ಮೊದಲ ಬಸ್ಸಿಗೆ ಮಾವ, ನಾನು ಹೋದೆವು. ತೋಟದ ಒಳಗೆ ಕಾಲಿಡುತ್ತಲೇ ಮಾವಿನ ಸೊನೆಯ ವಾಸನೆ ಮೂಗಿಗೆ ಬಡಿಯಿತು. ಮಾವು ಕೀಳುವ ಕಾಲವಲ್ಲ, ಸೊನೆ ಎಲ್ಲಿಂದ ಬಂತು ಎಂದುಕೊಂಡು ಮುಂದೆ ಹೋದರೆ ಮರದ ಬುಡದಲ್ಲಿ ಕಡಿದ ಕೊಂಬೆಗಳ ರಾಶಿ. ಗೂಡಿನ ಮೇಲೆ, ಎಡಕ್ಕೆ, ಬಲಕ್ಕೆ ಇದ್ದ ಎಲೆಯನ್ನೆಲ್ಲ ಸವರಿ, ಅದೊಂದು ಕೊಂಬೆಯನ್ನು ಬಯಲಲ್ಲಿ ನಿಲ್ಲಿಸಿದ ಹಾಗೆ ನಿಲ್ಲಿಸಿದ್ದರು. ಬೆಳಕು ಬೇಕಿತ್ತಂತೆ ಬೆಳಕು. ಸುತ್ತ ಸಿಗರೇಟಿನ ತುಂಡು, ಫಿಲ್ಮಿನ ಖಾಲಿ ಡಬ್ಬಿ, ಕ್ಯಾಮರಾ ನಿಲ್ಲಿಸಿದ ಮೂರು ಕಾಲಿನ ಗುಳಿಗಳು. ನಮ್ಮ ಕಡೆ ಏಪ್ರಿಲ್ ಬಿಸಿಲು ಹೇಗಿರುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕಣದಲ್ಲಿ ಹರಡಿದ ಕೊಬ್ಬರಿಯೇ ಸುರುಟಿಕೊಳ್ಳುವ ಬಿಸಿಲು ಅದು. ಮೈಮೇಲೆ ಪುಕ್ಕವೂ ಸರಿಯಾಗಿ ಬಾರದ ಮೂರು ಮರಿಗಳು ಗೂಡಿನಲ್ಲಿ ಒಣಗಿ ಅಂಟಿಕೊಂಡಿದ್ದವು.

ನಡೆದದ್ದನ್ನು ಸಣ್ಣಮ್ಮ ಹೇಳಿದರು. ಜೀಪು ಬಂದಾಗ ಅವರು ರಾಗಿ ಬೀಸಿಸಲು ಹೋಗಿದ್ದರಂತೆ. ತೋಟದಲ್ಲಿದ್ದ ಆಳು ತಡೆದನಂತೆ. “ಮಂಡಿ ರುದ್ರಪ್ಪನವರೇ ಕಳಿಸಿದ್ದು” ಎಂದರಂತೆ ಜೀಪಿನವರು. ನಮ್ಮ ಮಾವನ ಹೆಸರು ಹೇಳಿದ ಮೇಲೆ ಆ ಸೀಮೆಯಲ್ಲಿ ತಡೆಯುವವರು ಯಾರು? ಆಳೇ ಏಣಿ ತಂದುಕೊಟ್ಟ, ಮಚ್ಚೂ ತಂದುಕೊಟ್ಟ. ಸಣ್ಣಮ್ಮ ಹಿಂದಿರುಗುವ ಹೊತ್ತಿಗೆ ಕೊಂಬೆಗಳು ನೆಲದ ಮೇಲಿದ್ದವು. ಸಹಾಯಕರು ಬಿಳಿಯ ಬಟ್ಟೆಯೊಂದನ್ನು ಹಿಡಿದು ಬಿಸಿಲನ್ನು ಗೂಡಿನ ಕಡೆ ತಿರುಗಿಸುತ್ತಿದ್ದರಂತೆ.

“ಬಾಯಿಗೆ ಬಂದಂಗೆ ಬೈದೆ ರುದ್ರಣ್ಣ. ಒಂದೇ ಒಂದು ಗಂಟೆ ಅಮ್ಮ, ಒಂದು ಗಂಟೆ ಅಂದ. ನೆಟ್ಟಗೆ ನಾನು ಇದೀನೋ ಇಲ್ವೋ ಅಂತಾನೂ ನೋಡ್ಲಿಲ್ಲ. ಸಾಯಂಕಾಲದಗಂಟ ಇದ್ರು. ಹೋಗೋವಾಗ ಬತ್ತೀನಿ ಅಂತ ಕೈ ಮುಗ್ದ.” ಸಣ್ಣಮ್ಮ ಬುಡದಲ್ಲಿ ಬಿದ್ದಿದ್ದ ತೆಂಗಿನ ಸೋಗೆಯನ್ನು ತೋರಿಸಿದರು. “ನೆನ್ನೆ ಬೆಳಗ್ಗೆ ಬಿಸ್ಲು ಏರ್ತು. ಒಂದು ಸೋಗೆ ತಂದು ನೆಳ್ಳಾಗ್ಲಿ ಅಂತ ಮ್ಯಾಲೆ ಕಟ್ಟಿದೆ. ಹಕ್ಕಿ ಸೋಗೆ ಕಂಡು ಹೆದ್ರಿ ಹತ್ರಾನೆ ಬರಲೊಲ್ದು. ಮರಿ ಹಸ್ಕಂಡು ಅರಚ್ತಾವೆ. ಬಿಚ್ಚಿದೆ. ಬಿಚ್ಚಿದ್ರೆ ಬಿಸ್ಲು. ಕಟ್ಟಿದ್ರೆ ಹಸಿವು. ನಾನು ಏನು ಮಾಡ್ಲಿ ಹೇಳು. ಕಟ್ತಾ ಬಿಚ್ತಾ ಮಧ್ಯಾಹ್ನ ಆಯ್ತು, ಅರಚೋದು ನಿಂತೋಯ್ತು.”

ಆ ಮಾತು ಮುಗಿಯುವ ಹೊತ್ತಿಗೆ ಗಂಡುಹಕ್ಕಿ ಬಂತು. ಕೊಕ್ಕಿನಲ್ಲಿ ಯಾವುದೋ ಹುಳ. ಗೂಡಿನ ಅಂಚಿನ ಮೇಲೆ ಕೂತು, ತಲೆ ಬಗ್ಗಿಸಿ, ಹುಳವನ್ನು ಮುಂದಕ್ಕೆ ಚಾಚಿತು. ಸ್ವಲ್ಪ ಹೊತ್ತು ಹಾಗೇ ಇದ್ದು ಹಾರಿಹೋಯಿತು, ಮತ್ತೆ ಬಂತು, ಅದೇ ಹುಳ. ಮಾವ ಬೈನಾಕ್ಯುಲರ್ ಎತ್ತಲಿಲ್ಲ. ಬದುವಿನ ಮೇಲೆ ಕೂತು ನೆಲ ನೋಡುತ್ತಿದ್ದರು. ನನಗೆ ಮಾತ್ರ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ಈಗಲೂ ಹಾಗೇ ಇದೆ, ಒಂದು ಗುಲಗಂಜಿಯಷ್ಟೂ ಸವೆದಿಲ್ಲ.

ಮಾರುಕಟ್ಟೆಯ ದಿನ ಸಣ್ಣಮ್ಮ ಎಂದಿನಂತೆ ಬಂದರು. ಆವತ್ತು ಕೊಬ್ಬರಿ ತಂದಿರಲಿಲ್ಲ, ಬರಿಗೈ. ಹಲಗೆಯ ಮುಂದೆ ನಿಂತು, “ಬರಿಯವ್ವ” ಎಂದರು. “ಮರಿ ಆಗಿದ್ದು ಬರ್ದೆಲ್ಲ, ಸತ್ತಿದ್ದೂ ಬರಿ. ಯಾರು ಕಡಿದ್ರು ಅನ್ನೋದೂ ಬರಿ.”

ನಾನು ಬರೆದೆ. ಮರಿ ಮೂರು ಎನ್ನುವುದರ ಪಕ್ಕಕ್ಕೆ, ಫೋಟೊ ತೆಗೆಯಲು ಕೊಂಬೆ ಕಡಿದದ್ದರಿಂದ ಮೂರೂ ಸತ್ತವು ಎಂದು ದುಂಡಗೆ ಬರೆದು ಆತನ ಹೆಸರನ್ನೂ ಹಾಕಿದೆ. ಜನ ಸೇರಿ ಓದತೊಡಗಿದರು. ಅಷ್ಟರಲ್ಲಿ ಶಿವಕುಮಾರ್ ಮೇಷ್ಟ್ರು ಬಂದರು. ಓದಿದವರೇ ಬೆವರಿಬಿಟ್ಟರು.

“ರುದ್ರಪ್ಪನೋರೇ, ಇದನ್ನ ಒರೆಸಿಬಿಡಿ. ಅವರು ಎಷ್ಟು ದೊಡ್ಡ ಮನುಷ್ಯರು ಗೊತ್ತಾ? ನಾಳೆ ನಮ್ಮ ತಿಪಟೂರಿನ ಹೆಸರು ದೇಶಕ್ಕೆಲ್ಲ ಗೊತ್ತಾಗೋದು ಅವರಿಂದ. ನಿಮ್ಮ ಅತಿಥಿಯಾಗಿ ಬಂದವರನ್ನ ಹೀಗೆ ಬೀದೀಲಿ ನಿಲ್ಲಿಸ್ತೀರಾ?”

“ಅತಿಥಿ ಮಾಡೋ ಕೆಲ್ಸವಾ ಅದು?” ಎಂದರು ಸಣ್ಣಮ್ಮ.

“ನೀವು ಸುಮ್ನಿರಿ ಅಮ್ಮ. ನಿಮಗೆ ಅರ್ಥ ಆಗಲ್ಲ. ಮರಿ ಸಾಯೋದು ಪ್ರಕೃತೀಲಿ ಸಹಜ.”

ಸಹಜವಂತೆ. ಮಚ್ಚು ಯಾವ ಪ್ರಕೃತಿಯಲ್ಲಿ ಬೆಳೆಯುತ್ತದೆ ಎಂದು ನಾನು ಕೇಳಿದೆ. ಮೇಷ್ಟ್ರು ನನ್ನ ಕಡೆ ನೋಡಲೂ ಇಲ್ಲ, ಮಾವನನ್ನೇ ನೋಡುತ್ತಿದ್ದರು. ಅತಿಥಿ ಎಂಬ ಮಾತು ಮಾವನಿಗೆ ತಾಗಿತ್ತು. ತಾವೇ ಎಳನೀರು ಕೊಟ್ಟು ಕಳಿಸಿದವರು. ಮನೆಗೆ ಬಂದವರ ಮಾನ ಕಳೆಯಬಾರದೆಂದು ಹುಟ್ಟಿದಾಗಿನಿಂದ ಕಲಿತವರು. ಅವರು ಹೆಗಲ ಮೇಲಿನ ಟವಲು ತೆಗೆದು ನಿಧಾನಕ್ಕೆ ಆ ಸಾಲನ್ನು ಒರೆಸಿದರು. ಒಳ್ಳೆಯತನ ಯಾರಿಗೆ ಸಲ್ಲಬೇಕೋ ಅವರನ್ನು ಬಿಟ್ಟು ಇನ್ನೊಬ್ಬರಿಗೆ ಸಂದ ದಿನ ಅದು.

ಸಣ್ಣಮ್ಮ ಕೂಗಾಡಲಿಲ್ಲ. “ಆಯ್ತು ಬುಡು ರುದ್ರಣ್ಣ” ಎಂದು ಸೆರಗು ಸರಿಮಾಡಿಕೊಂಡು ಹೊರಟರು. ಆಮೇಲೆ ಅವರ ಕೊಬ್ಬರಿ ಬೇರೆ ಮಂಡಿಗೆ ಹೋಯಿತು.

ಮಳೆಗಾಲದಲ್ಲಿ ಆತ ಮತ್ತೆ ಬಂದ. ಈ ಸಲ ಊರಿನ ಗಣ್ಯರು ಕರೆಸಿದ್ದು, ಸನ್ಮಾನಕ್ಕೆ. ಸಂಜೆ ಸಭೆ, ಸ್ಲೈಡು ತೋರಿಸಿ ಭಾಷಣ. ವಿಷಯ ಏನು ಗೊತ್ತೇ? ಪಕ್ಷಿ ಸಂರಕ್ಷಣೆ. ಗೂಡಿನ ಹತ್ತಿರ ಹೋಗಬೇಡಿ, ಮರ ಕಡಿಯಬೇಡಿ, ಹಳ್ಳಿಯ ಜನರಲ್ಲಿ ಅರಿವು ಮೂಡಿಸಬೇಕು ಎಂದು ಶಾಲು ಹೊದ್ದುಕೊಂಡು ಹೇಳಿದ. ಕಾಯಿ ಕೀಳಿಸುವುದನ್ನೇ ನಿಲ್ಲಿಸಿದ ಹೆಂಗಸಿನ ಸೀಮೆಗೆ ಬಂದು ಅರಿವು ಮೂಡಿಸುತ್ತಾನೆ. ಆಮೇಲೆ ದೀಪ ಆರಿಸಿ, ಗೋಡೆಯ ತುಂಬ ಆ ಗೂಡನ್ನು ತೋರಿಸಿದ. ಜನ ಚಪ್ಪಾಳೆ ತಟ್ಟಿದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, “ಆ ಮರಿಗಳು ಆಮೇಲೆ ಏನಾದವು ಹೇಳಿ” ಎಂದೆ. ಮೈಕಿನ ಹತ್ತಿರ ಇದ್ದವರು ಪ್ರಶ್ನೆಗಳಿಗೆ ಕೊನೆಯಲ್ಲಿ ಅವಕಾಶವಿದೆ ಎಂದರು. ಕೊನೆಯಲ್ಲಿ ವಂದನಾರ್ಪಣೆ ಇತ್ತು, ಉಪ್ಪಿಟ್ಟು ಇತ್ತು. ಪ್ರಶ್ನೆ ಇರಲಿಲ್ಲ. ಉಪ್ಪಿಟ್ಟಿನ ತಟ್ಟೆ ಹಿಡಿದಿದ್ದವನ ಎದುರಿಗೇ ಹೋಗಿ ಮತ್ತೆ ಕೇಳಿದೆ. “ಹಾರಿಹೋಗಿರ್ತಾವಮ್ಮ” ಎಂದು ನಕ್ಕು ಇನ್ನೊಬ್ಬರ ಕಡೆ ತಿರುಗಿದ.

ಮನೆಗೆ ಬರುವ ದಾರಿಯಲ್ಲಿ, ಸಭೆಗೆ ನನ್ನ ಜೊತೆ ಬಂದಿದ್ದ ಮಾವ, “ನಾನು ಒರೆಸಬಾರ್ದಾಗಿತ್ತು ಕಣವ್ವ” ಎಂದರು. ಮಾರನೆಯ ದಿನ ಹಾಲ್ಕುರಿಕೆಗೆ ಹೋಗಿ ಸಣ್ಣಮ್ಮನ ಹಟ್ಟಿಯ ಜಗಲಿಯ ಮೇಲೆ ಕೂತು ಅದನ್ನೇ ಹೇಳಿದರಂತೆ. ಅವರು ಮಜ್ಜಿಗೆ ಕೊಟ್ಟು ಉಪಚರಿಸಿದರಂತೆ. “ಹಕ್ಕಿ ಸುದ್ದಿ ಮಾತ್ರ ಕೇಳಬ್ಯಾಡ ರುದ್ರಣ್ಣ, ಅದು ನಮ್ಮತ್ರ ಇಲ್ಲ” ಎಂದರಂತೆ.

ಅವರೊಬ್ಬರೇ ಅಲ್ಲ. ಮರುವರ್ಷ ಹೊಂಗೆ ಚಿಗುರಿತು, ಕೋಗಿಲೆ ಕೂಗಿತು, ಕೊಬ್ಬರಿ ಚೀಲಗಳು ಬಂದವು. ರೈತರು ಧಾರಣೆ ಕೇಳಿದರು, ತೂಕ ನೋಡಿದರು, ಹೋದರು. “ಏನು ಕಂಡ್ರಪ್ಪಾ ಈ ಸಲ?” ಎಂದು ಮಾವ ಕೇಳಿದರೆ, “ಏನೂ ಇಲ್ಲ ಕಣ್ರೀ, ಕಾಗೆ ಗುಬ್ಬಿ” ಎನ್ನುವರು. ಹೇಳಿದರೆ ಜೀಪು ಬರುತ್ತದೆ ಎಂದು ಎಲ್ಲರಿಗೂ ಗೊತ್ತಾಗಿತ್ತು. ಅರಳಗುಪ್ಪೆಯ ಹೊನ್ನಕ್ಕಿ, ಹಂದನಕೆರೆಯ ನವರಂಗ ಎಲ್ಲ ಬಂದಿರಬೇಕು. ಬಂದವು ಎಂದು ನಮಗೆ ಹೇಳುವವರು ಇಲ್ಲವಾದರು. ಒಂದು ಸೀಮೆಯ ಬಾಯಿಗೆ ಬೀಗ ಹಾಕಿಸಿ ಆತ ಬಹುಮಾನ ತೆಗೆದುಕೊಂಡ. ಮಾವ ಇನ್ನೂ ಕೆಲವು ವರ್ಷ ಹಲಗೆಯ ಬಲಭಾಗವನ್ನು ಖಾಲಿ ಬಿಟ್ಟಿದ್ದರು. ಅವರು ಹೋದ ಮೇಲೆ ನಡುವಿನ ಗೆರೆಯೂ ಅಳಿಸಿತು.

ಈಗ ಆಸ್ಪತ್ರೆಯ ಗೋಡೆ. ಕೌಂಟರಿನಲ್ಲಿದ್ದ ಹುಡುಗಿಯ ಹತ್ತಿರ ಹೋಗಿ ಫೋಟೊ ಎಲ್ಲಿಂದ ಬಂತು ಎಂದು ಕೇಳಿದೆ. “ಯಾರೋ ಡಾಕ್ಟ್ರಿಗೆ ಗಿಫ್ಟ್ ಕೊಟ್ಟಿದ್ದು ಅಜ್ಜಿ. ಚೆನ್ನಾಗಿದೆ ಅಲ್ವಾ?” ಎಂದಳು. ಅವಳ ಮುಂದೆ ದಪ್ಪ ತುದಿಯ ಮಾರ್ಕರ್ ಪೆನ್ನು ಇತ್ತು. ಸ್ವಲ್ಪ ಕೊಡವ್ವ ಎಂದೆ, ಕೊಟ್ಟಳು. ಫೋಟೊದ ಹತ್ತಿರ ಹೋಗಿ ಗಾಜಿನ ಮೇಲೆ, ಆತನ ಹೆಸರಿನ ಪಕ್ಕಕ್ಕೇ, ಕಣ್ಣು ಮಂಜಾದರೂ ಕೈ ಮರೆಯದ ದುಂಡು ಅಕ್ಷರದಲ್ಲಿ ಬರೆದೆ: ಬಾಲದಂಡೆ, ಹಾಲ್ಕುರಿಕೆ, ಸಣ್ಣಮ್ಮನ ತೋಟ, ಬಾವಿ ಪಕ್ಕದ ಮಾವು, ಮರಿ ಮೂರು. ಈ ಫೋಟೊ ತೆಗೆಯಲು ಕೊಂಬೆ ಕಡಿದದ್ದರಿಂದ ಮೂರೂ ಸತ್ತವು.

ಹುಡುಗಿ ಗಾಬರಿಯಿಂದ ಬಟ್ಟೆ ಹಿಡಿದು ಓಡಿಬಂದಳು. “ಅಯ್ಯೋ, ಏನಜ್ಜಿ ಇದು, ಡಾಕ್ಟ್ರು ಬೈತಾರೆ, ಒರೆಸ್ಬೇಕು.”

“ಒರೆಸುವೆಯಂತೆ. ಮೊದಲು ಓದು” ಎಂದೆ.

ಅವಳು ಓದಿದಳು. ನಾನು ಬೆರಳಿಟ್ಟು ಮೂಲೆಯ ಮೊಂಡು ಕೊಂಬೆಯನ್ನು ತೋರಿಸಿದೆ. ಅದನ್ನು ನೋಡಿದಳು, ಮತ್ತೆ ಮರಿಗಳನ್ನು ನೋಡಿದಳು. ಒಳಗಿನಿಂದ ನನ್ನ ಹೆಸರು ಕೂಗಿದರು. ಬಾಗಿಲಲ್ಲಿ ತಿರುಗಿ ನೋಡಿದಾಗ ಬಟ್ಟೆ ಇನ್ನೂ ಅವಳ ಕೈಯಲ್ಲೇ ಇತ್ತು.